ಬೆಲ್ಲು ಹೊಡೆದ ಮೇಲೆ ಏಳಕ್ಷರ

ಟೈಪಿಂಗ್ ಕಲಿಸುವವಳ ಬಲಗೈ ಬಿದ್ದುಹೋಯಿತು ಅಂದರೆ ಅದು ಅಡುಗೆಯವನ ನಾಲಿಗೆಗೆ ರುಚಿ ಹೋದ ಹಾಗೆ, ಅಂಚೆಯವನ ಕಾಲು ಹೋದ ಹಾಗೆ. ಮಿಕ್ಕಿದ್ದೆಲ್ಲ ಇದ್ದರೂ ಇಲ್ಲದ ಲೆಕ್ಕ. ಮಾರ್ಜಿನ್ ಮೇಡಮ್ಮಿಗೆ ಆದದ್ದು ಅದೇ. ಅರವತ್ತೊಂದು ದಾಟಿದ ವರ್ಷ, ಬೆಳಗಿನ ಬ್ಯಾಚಿನವರ ಹಾಜರಿ ಹಾಕುತ್ತಿದ್ದಾಗ ಬೆರಳ ನಡುವಿನ ಪೆನ್ನು ಜಾರಿತು. ಎತ್ತಿಕೊಳ್ಳೋಣವೆಂದು ಬಗ್ಗಿದಳು. ಮೈ ಬಗ್ಗಿತು, ಕೈ ಬರಲಿಲ್ಲ. ಕೋಣೆಯಲ್ಲಿದ್ದ ಇಪ್ಪತ್ತು ಮೆಷಿನ್ನುಗಳು ಒಂದೊಂದಾಗಿ ಸದ್ದು ನಿಲ್ಲಿಸಿದವು.

ಆಸ್ಪತ್ರೆಯಿಂದ ಹನ್ನೆರಡು ದಿನಕ್ಕೆ ಮನೆಗೆ ಬಂದಳು. ಕಾಲು ಸ್ವಲ್ಪ ಎಳೆಯುತ್ತಿತ್ತು, ಆದರೆ ಅದು ನಡೆದು ನಡೆದೇ ಸರಿಹೋಗುವ ಎಳೆತ. ಬಾಯಿಗಂತೂ ಏನೂ ಆಗಿರಲಿಲ್ಲ. ಅದನ್ನು ಮನೆಯವರ ಪುಣ್ಯ ಅನ್ನಬೇಕೋ ಪಾಪ ಅನ್ನಬೇಕೋ ಎಂದು ಅವಳ ಗಂಡನೇ ಡಾಕ್ಟರ ಎದುರಿಗೆ ಕೇಳಿ ಬೈಸಿಕೊಂಡಿದ್ದ. ಲಕ್ವ ಹೊಡೆದು ಹೋದದ್ದು ಬಲಗೈ ಒಂದೇ. ಡಾಕ್ಟರು ಕಳಿಸಿಕೊಡುವಾಗ ಒಂದು ಮಾತು ಹೇಳಿದ್ದರು: ಮೊದಲ ನಾಲ್ಕು ತಿಂಗಳು ಮುಖ್ಯ. ಅಷ್ಟರೊಳಗೆ ದಿನಾ ಆಡಿಸಿ ಆಡಿಸಿ ಕೈಗೆ ಅದರ ಕೆಲಸ ನೆನಪು ಮಾಡಿಕೊಟ್ಟರೆ ಅರ್ಧದಷ್ಟಾದರೂ ವಾಪಸು ಬರುತ್ತದೆ. ಸುಮ್ಮನೆ ಮಡಿಲಲ್ಲಿಟ್ಟುಕೊಂಡು ಕೂತರೆ ಹಾಗೇ ಸೆಟೆದುಕೊಂಡುಬಿಡುತ್ತದೆ.

ಮೇಡಂ ಸುಮ್ಮನೆ ಮಡಿಲಲ್ಲಿಟ್ಟುಕೊಂಡು ಕೂತಳು.

ಹೀಗೆ ಕೂರುವ ಹೆಂಗಸಲ್ಲ ಅವಳು. ಹದಿನಾಲ್ಕನೆಯ ವಯಸ್ಸಿಗೆ ಟೈಪಿಂಗ್ ಕಲಿತು, ಇಪ್ಪತ್ತಕ್ಕೆ ಕಲಿಸಲು ಶುರುಮಾಡಿ, ನಲವತ್ತು ವರ್ಷದಲ್ಲಿ ಆ ಊರಿನ ಅರ್ಧ ಆಫೀಸುಗಳ ಬೆರಳುಗಳನ್ನು ತಯಾರು ಮಾಡಿಕೊಟ್ಟವಳು. ಔಷಧಿ ಅಂಗಡಿಯ ಮೇಲಿನ ಉದ್ದನೆಯ ಕೋಣೆ ಅವಳ ಇನ್‌ಸ್ಟಿಟ್ಯೂಟು. ಅದರ ಹಿಂದಿನ ಎರಡು ಕೋಣೆ ಮನೆ. ಕಾಗದ ಸಿಕ್ಕಿಸಿದ ಕೂಡಲೆ ಮೊದಲು ಅಂಚು ನೋಡುವವಳಾದ್ದರಿಂದ ಮಾರ್ಜಿನ್ ಮೇಡಂ ಎಂದು ಹೆಸರು ಬಿದ್ದಿತ್ತು. ಒಳಗೆ ಎಷ್ಟು ತಪ್ಪಿದ್ದರೂ ಒಂದು ಸಲ ಕ್ಷಮಿಸುತ್ತಿದ್ದಳು, ಅಂಚು ಸೊಟ್ಟಗಾದರೆ ಹಾಳೆ ಹರಿಯುತ್ತಿದ್ದಳು. ಶಿಷ್ಯರ ಕಣ್ಣು ಬೆರಳ ಮೇಲೆ ಬೀಳದ ಹಾಗೆ ಕೀಲಿಗಳ ಮೇಲೆ ಮರದ ಹಲಗೆ ಮುಚ್ಚಿಸುತ್ತಿದ್ದಳು. ಹೆಂಡತಿಗೆ ತಕ್ಕ ಗಂಡ: ಅವನು ಟೈಪ್‌ರೈಟರ್ ರಿಪೇರಿಯವನು, ಸದಾ ಕೈಯಲ್ಲೊಂದು ಮೂತಿ ಉದ್ದದ ಎಣ್ಣೆ ಡಬ್ಬಿ. ಎಲ್ಲರೂ ಅವನನ್ನು ಎಣ್ಣೆ ಮಾವ ಅನ್ನುತ್ತಿದ್ದರು. ಹೊಸದಾಗಿ ಸೇರಿದವರು ಆ ಹೆಸರಿಗೆ ಮುಸಿಮುಸಿ ನಗುತ್ತಿದ್ದರು. ಪಾಪ, ಅವನ ಆಯುಷ್ಯದಲ್ಲಿ ಅವನು ಮುಟ್ಟಿದ್ದು ಮೆಷಿನ್ನಿನ ಎಣ್ಣೆ ಒಂದನ್ನೇ.

ಈಗ ಆ ಎಣ್ಣೆ ಮಾವನೇ ಬ್ಯಾಚು ನಡೆಸುತ್ತಿದ್ದ. ಮೇಡಂ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕುರ್ಚಿಯಲ್ಲಿರುತ್ತಿದ್ದಳು. ಗೋಡೆಯಾಚೆಯಿಂದ ಸದ್ದು ಬರುತ್ತಿತ್ತು. ಮೂರನೆಯ ಮೆಷಿನ್ನಿನವಳು ಹಿಂದೆ ಬೀಳುತ್ತಿದ್ದಾಳೆ, ಎಂಟರವನು ಓಡುತ್ತಿದ್ದಾನೆ, ಹದಿನಾರರವನು ಕೀಲಿ ನೋಡಿ ನೋಡಿ ಹೊಡೆಯುತ್ತಿದ್ದಾನೆ, ಇದೆಲ್ಲ ಅವಳಿಗೆ ಕೂತಲ್ಲೇ ತಿಳಿಯುತ್ತಿತ್ತು. ಮೊದಲಾಗಿದ್ದರೆ ಒಂದು ಕೂಗಿಗೆ ಇಪ್ಪತ್ತೂ ಮೆಷಿನ್ನು ಒಂದು ಹದಕ್ಕೆ ಬರುತ್ತಿದ್ದವು. ಈಗ ಅವಳು ಕೂಗಲಿಲ್ಲ. ಎಣ್ಣೆ ಮಾವ ಊಟದ ತಟ್ಟೆ ತಂದಿಟ್ಟು, ಚಮಚವನ್ನು ಬೇಕೆಂದೇ ಬಲಗಡೆ ಇಡುತ್ತಿದ್ದ. ಅವಳು ಎಡಗೈಯಲ್ಲಿ ಅದನ್ನು ಎತ್ತಿ ಎಡಕ್ಕಿಟ್ಟುಕೊಂಡು ತಿನ್ನುತ್ತಿದ್ದಳು. ಬಲಗೈ ಆಡಿಸು ಅಂದರೆ, ಮೂವತ್ತು ವರ್ಷ ಹಳೆಯ ಮೆಷಿನ್ನಿಗೆ ಬಿಡಿಭಾಗ ಸಿಗಲ್ಲ ಅಂತ ನೀವೇ ಹೇಳ್ತೀರಿ, ನನಗೆಲ್ಲಿ ತರ್ತೀರಿ ಅನ್ನುತ್ತಿದ್ದಳು. ಹೀಗೇ ಎರಡು ತಿಂಗಳು ಕಳೆಯಿತು. ನಾಲ್ಕರಲ್ಲಿ ಎರಡು ಹೋಯಿತು ಅಂತ ಅವನು ಬೆರಳು ಮಡಿಚಿ ತೋರಿಸಿದರೆ ಅವಳು ಗೋಡೆ ಕಡೆ ತಿರುಗಿದಳು.

ಕೊನೆಗೆ ಅವನು ಅವಳನ್ನು ಕೇಳದೇ ಒಬ್ಬಳು ಫಿಸಿಯೋ ಹುಡುಗಿಯನ್ನು ಗೊತ್ತುಮಾಡಿದ. ವಾರಕ್ಕೆ ಮೂರು ದಿನ, ಮಧ್ಯಾಹ್ನ ಮೂರಕ್ಕೆ. ಹುಡುಗಿಗೆ ಮಾತು ಜಾಸ್ತಿ, ಸಿಟ್ಟು ಕಡಿಮೆ, ಹಿಡಿತ ಮಾತ್ರ ಕಬ್ಬಿಣದ್ದು. ಮೊದಲ ಎರಡು ಸಲ ಮೇಡಂ ತನ್ನ ಕೈಯನ್ನು ಯಾರದೋ ಛತ್ರಿ ಕೊಟ್ಟ ಹಾಗೆ ಕೊಟ್ಟು, ಮುಖ ಆ ಕಡೆ ಮಾಡಿ ಕೂತಳು. ಹುಡುಗಿ ತಾನೇ ಮಡಿಸಿ ತಾನೇ ಬಿಡಿಸಿ ಬೆವರಿ ಹೋದಳು. ಮನಸ್ಸಿಲ್ಲದ ಕೈಯನ್ನು ಆಡಿಸುವುದೂ ಒಂದೇ, ಬಾಗಿಲಿನ ಚಿಲಕ ಆಡಿಸುವುದೂ ಒಂದೇ ಎಂದು ಹೋಗುವಾಗ ಎಣ್ಣೆ ಮಾವನಿಗೆ ಹೇಳಿ ಹೋದಳು.

ಮೂರನೆಯ ಸಲ ಬರುವಾಗ ಚೀಲದಲ್ಲಿ ಅಂಗೈಯಗಲದ ದುಂಡನೆಯ ಸ್ಪೀಕರು ತಂದಳು. ಹಾಡು ಹಾಕುತ್ತೇನೆ, ಅದರ ತಾಳಕ್ಕೆ ಎಡಗೈ ಬೆರಳು ಮೇಜಿನ ಮೇಲೆ ತಟ್ಟಿ, ಬಲಗೈ ಬೆರಳನ್ನು ನಾನು ಆಡಿಸುತ್ತೇನೆ, ಒಂದು ಕೈ ಮಾಡುವುದನ್ನು ನೋಡಿ ಇನ್ನೊಂದಕ್ಕೆ ಹೊಟ್ಟೆಕಿಚ್ಚು ಬರಲಿ ಎಂದಳು. ಹುಡುಗಿ ಫೋನಿನಲ್ಲಿ ಏನೋ ಒತ್ತಿದಳು. ನಾಲ್ಕು ದಪ್ಪ ಏಟು, ನಾಲ್ಕು ತೆಳು ಏಟು, ಕೊನೆಗೆ ನೆಲಕ್ಕೆ ಬಿದ್ದ ಹಾಗೆ ಒಂದು ಏಟು. ಡ್ರಮ್ಮು.

ಮೇಡಂ ಕುರ್ಚಿಯಲ್ಲಿ ನೆಟ್ಟಗಾದಳು. “ಇದು ಬೇಡ. ಬೇರೆ ಯಾವ್ದಾದ್ರೂ ಹಾಕು.”

“ಬೇರೆವೆಲ್ಲ ನಾಲ್ಕೇಟಿನವು ಅಮ್ಮ. ನಾಲ್ಕೇಟಿಗೆ ತಲೆ ನಿದ್ದೆ ಹೊಡೆಯುತ್ತೆ. ಇದು ಒಂಬತ್ತೇಟು, ಎಚ್ಚರ ಇರಲೇಬೇಕು. ನಾನು ಎಲ್ಲಾರಿಗೂ ಇದನ್ನೇ ಹಾಕೋದು.”

ಯಾರಿಗೆ ತಾನೇ ಗೊತ್ತಿರಲಿಲ್ಲ ಆ ಹಾಡು. ಇಪ್ಪತ್ತಮೂರು ವರ್ಷ ಹಳೆಯದು, ಇವತ್ತಿಗೂ ಕಾಲೇಜಿನ ಮೆಟ್ಟಿಲ ಮೇಲೆ ಗಿಟಾರು ಹಿಡಿದು ಕೂತ ಯಾವ ಹುಡುಗನೂ ಮೊದಲು ಕೆಡಿಸುವ ಹಾಡು ಅದೇ. ಅದರ ಅರ್ಥದ ಬಗ್ಗೆ ಬರೆದದ್ದನ್ನೆಲ್ಲ ಒಟ್ಟಿದರೆ ಒಬ್ಬ ಆಳು ಹೊರಲಾರ. ಒಂಬತ್ತೇಟು ಅಂದರೆ ತಾಯಿಯ ಹೊಟ್ಟೆಯ ಒಂಬತ್ತು ತಿಂಗಳು ಎಂದು ಒಬ್ಬರು. ಅಲ್ಲ, ಜೈಲಿನ ಕೋಣೆ ಆ ಗೋಡೆಯಿಂದ ಈ ಗೋಡೆಗೆ ಒಂಬತ್ತೇ ಹೆಜ್ಜೆ, ಕವಿ ಅದನ್ನೇ ಅಳೆದದ್ದು ಎಂದು ಇನ್ನೊಬ್ಬರು. ಪ್ರತಿ ಸಾಲಿನ ಕೊನೆಯ ಹತ್ತಿರ ಟಿಣ್ ಎಂದು ಒಂದು ಸಣ್ಣ ಬೆಲ್ಲು ಬಡಿಯುತ್ತದೆ. ಅದಾದ ಮೇಲೆ ಏಳೇ ಅಕ್ಷರ ಹಾಡಿ, ಗಿಟಾರನ್ನು ಕರ್ರ್ ಎಂದು ಒಂದು ಸಲ ಕೆರೆದು, ಮುಂದಿನ ಸಾಲಿಗೆ ಹೋಗುತ್ತಾರೆ. ಆ ಬೆಲ್ಲು ಸಾವಿನದು, ಆ ಏಳಕ್ಷರ ಸಾಯುವವನ ಕೊನೆಯ ಉಸಿರು ಎನ್ನುವುದು ಬಹುಮತ. ಹಾಡು ಕಟ್ಟಿದವನನ್ನು ಕೇಳಿದರೆ, ಅದು ನಮ್ಮ ಮನೆ ಸದ್ದು ಎಂದಷ್ಟೇ ಹೇಳುತ್ತಿದ್ದ. ಮನೆ ಅಂದರೆ ದೇಹ ಎಂದು ಪಂಡಿತರು ಅದಕ್ಕೂ ನಾಲ್ಕು ಪುಟ ಬರೆದರು. ಹರಿಯುವ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ, ಬರೆಯುವವರಿಗೆ ಹಾಡು ಕಟ್ಟಿದವನ ಅಪ್ಪಣೆ ಯಾಕೆ.

ಇಷ್ಟೆಲ್ಲವನ್ನೂ ಹುಡುಗಿ ಒಂದೇ ಉಸಿರಿಗೆ ಹೇಳುತ್ತ ಮೇಡಮ್ಮಿನ ಬಲಗೈಯನ್ನು ತನ್ನೆರಡು ಕೈಯಲ್ಲಿ ಹಿಡಿದೇ ಇದ್ದಳು. ಅವಳಿಗೆ ಒಂದು ವಿಷಯ ಗೊತ್ತಿರಲಿಲ್ಲ. ಈಗಿನ ಶಿಷ್ಯರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ಹಾಡು ಕಟ್ಟಿದವನು ಮೇಡಮ್ಮಿನ ತಮ್ಮ.

ಹಾಡುವವನ ಗಂಟಲು ಕೇಳಿತು: “ಬೆಲ್ಲು ಹೊಡೆಯಿತು ಎಂದಳು.” ಮೇಡಂ ಎಡಗೈ ಎತ್ತಿದಳು, ಆ ಸ್ಪೀಕರಿನ ಡಬ್ಬಿಯನ್ನು ಮೇಜಿನಿಂದ ತಳ್ಳಿಬಿಡಲು. ಎತ್ತಿದ ಕೈ ಡಬ್ಬಿ ಮುಟ್ಟಲಿಲ್ಲ. ಮೇಜಿನ ಮೇಲೆ ಇಳಿಯಿತು. ಇಳಿದದ್ದೇ ತಡ, ಕಿರುಬೆರಳು, ಉಂಗುರಬೆರಳು, ನಡುಬೆರಳು, ತೋರುಬೆರಳು, ಒಂದಾದ ಮೇಲೆ ಒಂದು, ದಪ್ಪ ಏಟಿಗೆ ಸರಿಯಾಗಿ ತಾವಾಗೇ ತಟ್ಟಿದವು. ಅವಳು ತಟ್ಟಿಸಲಿಲ್ಲ, ಅವು ತಟ್ಟಿದವು. ನಾಲ್ಕಾದ ಮೇಲೆ ಎಡಗೈ ನಿಂತು ಕಾಯಿತು, ಆಚೆಯ ಕೈ ತೋರುಬೆರಳಿನಿಂದ ಹಿಡಿದು ಕಿರುಬೆರಳ ತನಕ ತನ್ನ ನಾಲ್ಕನ್ನು ಹೇಳಲಿ ಎಂದು. ಆಚೆಯ ಕೈ ಹುಡುಗಿಯ ಮುಷ್ಟಿಯಲ್ಲಿ ಮಲಗಿತ್ತು. ತೆಳು ಏಟು ನಾಲ್ಕೂ ಖಾಲಿ ಹೋದವು. ಆಮೇಲೆ ಎಡ ಹೆಬ್ಬೆರಳು ಹೋಗಿ ನೆಲದ ಏಟಿಗೆ ಸರಿಯಾಗಿ ಒತ್ತಿತು, ಎರಡು ಪದದ ನಡುವೆ ಜಾಗ ಬಿಡುವ ಹಾಗೆ.

ಕತ್ತಲಲ್ಲಿ ಮೆಟ್ಟಿಲಿಳಿಯುವವನು ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟು ಗಾಳಿ ತುಳಿದ ಹಾಗಾಯಿತು ಅವಳಿಗೆ. ನಲವತ್ತು ವರ್ಷದಿಂದ ಮೊದಲ ದಿನ ಬಂದ ಪ್ರತಿಯೊಬ್ಬರಿಗೂ ಅವಳು ಕೊಟ್ಟ ಪಾಠ ಅದು: ಎಡ ನಾಲ್ಕು, ಬಲ ನಾಲ್ಕು, ಹೆಬ್ಬೆರಳು. ಬೇರೆ ಇನ್‌ಸ್ಟಿಟ್ಯೂಟುಗಳಲ್ಲಿ ನಾಲ್ಕಕ್ಕೊಮ್ಮೆ ಜಾಗ ಬಿಡಿಸುತ್ತಾರೆ. ಇವಳು ಮಾತ್ರ ಎಂಟೂ ಬೆರಳನ್ನು ಒಂದು ದಡದಿಂದ ಇನ್ನೊಂದು ದಡಕ್ಕೆ ಓಡಿಸಿ ಆಮೇಲೆ ಬಿಡಿಸುವವಳು.

ಟಿಣ್. ಬೆಲ್ಲು ಬಡಿಯಿತು. ಬೆಲ್ಲಾದ ಮೇಲೆ ಹಾಡುವವನು ಹಾಡಿದ: “ಮಾತು ಮುಗಿಸಿ ಹೋಗು.” ಕರ್ರ್.

ಆ ಎರಡನೆಯ ಮಾತನ್ನು ಅವಳು ಇಪ್ಪತ್ತಮೂರು ವರ್ಷದಲ್ಲಿ ಮೊದಲನೆಯ ಸಲ ಕೇಳಿದ್ದು.

ಯಾಕೆ ಅಂತ ತಿಳಿಯಬೇಕಾದರೆ ತಮ್ಮನ ಕಥೆ ಕೇಳಬೇಕು. ಅವನು ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಅಮ್ಮ ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೋಗುತ್ತಿದ್ದಳು, ಕೂಸು ಅಕ್ಕನ ಪಾಲಿಗೆ ಬಂತು. ಕಾಗದದ ರಟ್ಟಿನ ಪೆಟ್ಟಿಗೆಗೆ ಹಳೆ ಸೀರೆ ಹಾಸಿ ಅದರಲ್ಲಿ ಅವನನ್ನು ಮಲಗಿಸಿ, ಪೆಟ್ಟಿಗೆಯನ್ನು ಮೇಜಿನ ಕೆಳಗಿಟ್ಟು ಅವಳು ಟೈಪಿಂಗ್ ಅಭ್ಯಾಸ ಮಾಡುತ್ತಿದ್ದಳು. ಸದ್ದು ನಡೆಯುತ್ತಿದ್ದರೆ ನಿದ್ದೆ, ಸದ್ದು ನಿಂತರೆ ಅಳು. ಎಂಥ ಮಗುವೋ ಇದು, ಲಾಲಿ ಬೇಡ ಪರೀಕ್ಷೆಯ ಅಭ್ಯಾಸ ಬೇಕು ಎಂದು ಅಮ್ಮ ನಗುತ್ತಿದ್ದಳು. ಬೆಳೆದ ಮೇಲೆ ಅವನನ್ನೂ ಮೆಷಿನ್ನಿಗೆ ಕೂರಿಸಿದಳು. ಅವನ ಬೆರಳು ಗಾಳಿ, ಆದರೆ ಒಂದು ಕೆಟ್ಟ ಚಾಳಿ. ಸಾಲು ಮುಗಿಯುತ್ತ ಬಂತೆಂದು ಮೆಷಿನ್ನು ಬೆಲ್ಲು ಹೊಡೆದರೂ ನಿಲ್ಲಿಸುತ್ತಿರಲಿಲ್ಲ. ಕಾಗದ ಹೊತ್ತ ಗಾಡಿ ಅಂಚಿಗೆ ಬಂದು ನಿಂತ ಮೇಲೂ ಹೊಡೆಯುತ್ತಲೇ ಹೋಗಿ, ಅಕ್ಷರದ ಮೇಲೆ ಅಕ್ಷರ ಬಿದ್ದು, ಸಾಲಿನ ತುದಿಯಲ್ಲಿ ಕಪ್ಪನೆಯ ಗಂಟಾಗುತ್ತಿತ್ತು. ಅವನ ಹಾಳೆ ನೋಡಿದರೆ ಬಲಗಡೆ ಇರುವೆ ಸಾಲುಗಟ್ಟಿದ ಹಾಗೆ.

ಇಪ್ಪತ್ತೆರಡಕ್ಕೆ ಅವನಿಗೊಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸದ ಪರೀಕ್ಷೆ ಬಂತು. ಪರೀಕ್ಷಕರು ಮೇಡಮ್ಮಿಗೆ ಕಲಿಸಿದ ಗುರುಗಳು. ನನ್ನ ತಮ್ಮ, ನನ್ನ ಕೈಯಲ್ಲಿ ಕಲಿತವನು ಎಂದು ಅವಳು ಅವರಿಗೆ ಹೇಳಿಟ್ಟಿದ್ದಳು. ಹುಡುಗ ಹೋದ, ಮೂವತ್ತು ಜನರ ನಡುವೆ ಕೂತ, ನಾಲ್ಕು ಸಾಲು ಹೊಡೆದ, ನಿಲ್ಲಿಸಿಬಿಟ್ಟ. ಯಾಕೆಂದು ಕೇಳಿದರೆ, ಮೂವತ್ತು ಮೆಷಿನ್ನಿನ ಬೆಲ್ಲು ಹಿಂದೆ ಮುಂದೆ ಹೊಡೆಯುತ್ತಿದ್ದವು, ಕೇಳುತ್ತಾ ಕೂತುಬಿಟ್ಟೆ ಎಂದ. ಅಕ್ಕನ ಮರ್ಯಾದೆ ಮೂರು ಕಾಸಿಗೆ ಹೋಯಿತು. ಅವಳು ಕೂಗಾಡಲಿಲ್ಲ. ಮೆಲ್ಲಗೆ, ಶಿಷ್ಯರೆಲ್ಲ ಕೇಳುವ ಹಾಗೆ ಹೇಳಿದಳು: “ನಿನ್ನ ಬೆಲ್ಲು ಹೊಡೀತು ಕಣೋ. ಇನ್ನು ನಿನ್ನ ಸಾಲಲ್ಲಿ ಏನೂ ಇಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಬೆಳಿಗ್ಗೆ ಅವನ ಹಾಸಿಗೆ ಮಡಿಚಿತ್ತು.

ಮೂರು ವರ್ಷವಾದ ಮೇಲೆ ಒಂದು ದಿನ ಮೇಡಂ ಬಸ್ಸಿನಲ್ಲಿ ಹೋಗುತ್ತಿದ್ದಳು. ಡ್ರೈವರು ಹೊಸ ಹಾಡು ಹಾಕಿದ. ಇಂಜಿನ್ನಿನ ಗದ್ದಲದಲ್ಲಿ ಡ್ರಮ್ಮು ಡ್ರಮ್ಮಾಗಿ ಕೇಳುತ್ತಿರಲಿಲ್ಲ, ಆದರೆ ಆ ಗಂಟಲು ಯಾರದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. “ಬೆಲ್ಲು ಹೊಡೆಯಿತು ಎಂದಳು.” ಅಷ್ಟೇ ಕೇಳಿದ್ದು. ನನ್ನ ಮಾತನ್ನು ಹಿಡಿದು ಊರೂರಿಗೆ ಹಂಗಿಸುತ್ತಿದ್ದಾನೆ ಎಂದು ಕಿವಿ ಬಿಸಿಯಾಗಿ, ಎರಡು ಸ್ಟಾಪು ಮೊದಲೇ ಇಳಿದು ನಡೆದುಹೋದಳು. ಅಲ್ಲಿಂದಾಚೆ ಆ ಹಾಡು ಯಾವ ಅಂಗಡಿಯಲ್ಲಿ ಶುರುವಾದರೂ ಆ ಅಂಗಡಿ ಬಿಟ್ಟು ಬರುತ್ತಿದ್ದಳು. ತಮ್ಮ ಮೂರು ಸಲ ಕಾಗದ ಬರೆದ, ಒಡೆಯದೆ ಹಿಂದಕ್ಕೆ ಕಳಿಸಿದಳು. ನಾಲ್ಕನೆಯದು ಬರಲಿಲ್ಲ. ಆಮೇಲೆ ತಾನೇ ಬರೆಯೋಣ ಅಂತ ಅನ್ನಿಸಿದ್ದೂ ಉಂಟು, ಯಾವ ಮುಖದಲ್ಲಿ ಎಂದು ಬಿಟ್ಟದ್ದೂ ಉಂಟು.

ಹಾಡು ಮುಗಿಯಿತು. ಮೇಡಂ ಮೇಜು ನೋಡುತ್ತ, ಇನ್ನೊಂದು ಸಲ ಹಾಕು ಎಂದಳು. ಹಾಕಿದಳು. ಮತ್ತೆ ಹಾಕು ಎಂದಳು. ಬೆಲ್ಲಾದ ಮೇಲೆ ಬರುವ ಅಕ್ಷರಗಳನ್ನು ಅವಳು ಎಡಗೈ ಬೆರಳಿನಲ್ಲಿ ಎಣಿಸುತ್ತಿದ್ದಳು. “ಬಾಗಿಲು ತೆರೆದಿದೆ”, ಏಳು. ಅವಳ ಇನ್‌ಸ್ಟಿಟ್ಯೂಟಿನ ಇಪ್ಪತ್ತೂ ಮೆಷಿನ್ನಿನ ಬೆಲ್ಲು ಅಂಚಿಗೆ ಏಳಕ್ಷರ ಮೊದಲು ಹೊಡೆಯುವ ಹಾಗೆ ಇಟ್ಟದ್ದು. ಒಂಬತ್ತು ಇಡಿ, ಹತ್ತು ಇಡಿ ಎಂದು ಬೇರೆಯವರು ಹೇಳುತ್ತಿದ್ದರೂ ಏಳು ಸಾಕು, ಹೆಚ್ಚು ಕೊಟ್ಟರೆ ಸೋಮಾರಿಗಳಾಗುತ್ತಾರೆ ಎಂದವಳು ಅವಳೇ.

ಹುಡುಗಿಗೆ ಮೇಡಮ್ಮಿನ ಮುಖ ನೋಡಿ ಗಾಬರಿಯಾಯಿತು. ಸಾವಿನ ಹಾಡು ಹಾಕಿದ್ದು ತಪ್ಪಾಯಿತೇನೋ, ಕಾಯಿಲೆಯವರ ಮುಂದೆ ಇದೆಲ್ಲ ಹೇಳಬಾರದಿತ್ತು ಎಂದು ಕ್ಷಮೆ ಕೇಳಲು ಹೊರಟಳು.

“ಸಾವೂ ಅಲ್ಲ, ಸುಡುಗಾಡೂ ಅಲ್ಲ,” ಎಂದಳು ಮೇಡಂ. “ಇದು ನನ್ನ ಎರಡನೇ ವಾರದ ಪಾಠ.”

ಆಮೇಲೆ ಬಿಡಿಸಿ ಹೇಳಿದಳು. ಹೊಸಬರು ಎರಡು ಥರ. ಬೆಲ್ಲು ಕೇಳಿದ ಕೂಡಲೆ ಬೆದರಿ, ಪದದ ನಡುವೆಯೇ ಕೈ ಎತ್ತಿಬಿಡುವವರು ಒಂದು ಥರ. ಕೇಳಿಯೂ ಕೇಳದ ಹಾಗೆ ನುಗ್ಗಿ ಅಂಚಿಗೆ ಗುದ್ದಿಕೊಳ್ಳುವವರು ಇನ್ನೊಂದು ಥರ. ಇಬ್ಬರಿಗೂ ಅವಳು ಹೇಳುತ್ತಿದ್ದದ್ದು ಒಂದೇ. ಬೆಲ್ಲು ಅಂದರೆ ನಿಲ್ಲು ಅಂತಲ್ಲ, ಇನ್ನೂ ಏಳಕ್ಷರಕ್ಕೆ ಜಾಗ ಇದೆ, ಹಿಡಿದ ಮಾತು ಮುಗಿಸಿಕೊ, ಆಮೇಲೆ ಗಾಡಿ ತಳ್ಳಿ ಹೊಸ ಸಾಲಿಗೆ ಹೋಗು ಅಂತ. ಗಿಟಾರಿನ ಆ ಕರ್ರ್ ಏನೆಂದುಕೊಂಡೆ, ಅದು ಗಾಡಿ ತಳ್ಳುವ ಸದ್ದು.

ಹೇಳುತ್ತ ಹೇಳುತ್ತ ಅವಳ ಮಾತು ಸಣ್ಣಗಾಯಿತು. ಸಾವಿರ ಜನಕ್ಕೆ ಈ ಪಾಠ ಹೇಳಿದವಳು ಒಬ್ಬನಿಗೆ ಮಾತ್ರ, ಹೊಟ್ಟೆ ಉರಿದ ಹೊತ್ತಿನಲ್ಲಿ, ಇದನ್ನೇ ತಲೆಕೆಳಗು ಮಾಡಿ ಹೇಳಿದ್ದಳು. ಬೆಲ್ಲು ಹೊಡೆಯಿತು, ಇನ್ನೇನೂ ಇಲ್ಲ ಎಂದು. ಟೈಪಿಂಗ್ ಗೊತ್ತಿಲ್ಲದವರು ಆ ತಪ್ಪು ಮಾಡಿದ್ದರೆ ಒಂದು ಮಾತು. ಗೊತ್ತಿದ್ದವಳು ಮಾಡಿದ್ದಳು. ತಮ್ಮ ಹಂಗಿಸಿರಲಿಲ್ಲ. ಅವಳ ಪಾಠವನ್ನು ಅವಳಿಗೇ ನೆಟ್ಟಗೆ ಒಪ್ಪಿಸಿದ್ದ, ಕೇಳುವ ಪುರಸೊತ್ತು ಅವಳಿಗಿರಲಿಲ್ಲ.

ಬಾಗಿಲ ಹತ್ತಿರ ಎಣ್ಣೆ ಮಾವ ಯಾವಾಗಿನಿಂದಲೋ ನಿಂತಿದ್ದ. ಅವನು ಆಗ ಬಾಯಿ ಬಿಟ್ಟ. ಹನ್ನೊಂದನೆಯ ಮೆಷಿನ್ನಿನ ಬೆಲ್ಲು ಕಳುವಾಯಿತು ಎಂದು ನೀನು ಹಿಂದೆ ಇಡೀ ಸಂಜೆ ಬ್ಯಾಚಿಗೆ ಬೈದಿದ್ದೆಯಲ್ಲ, ಅದನ್ನು ಬಿಚ್ಚಿ ಕೊಟ್ಟವನು ನಾನು, ನಿನ್ನ ತಮ್ಮ ಮನೆ ಬಿಟ್ಟು ಹೋದ ದಿನ ಬೆಳಿಗ್ಗೆ ಐದು ಗಂಟೆಗೆ ಬಂದು ಕೇಳಿದ, ಕೊಟ್ಟೆ, ಹಾಡಿನಲ್ಲಿ ಹೊಡೆಯುವುದು ಅದೇ ಬೆಲ್ಲು ಎಂದ.

“ಇಪ್ಪತ್ತಾರು ವರ್ಷ ಹೊಟ್ಟೇಲಿಟ್ಕೊಂಡಿದ್ರಾ?”

“ನೀನು ಕೇಳಲಿಲ್ಲ. ಎಣ್ಣೆ ಹಾಕೋನು ನಾನು, ಕೇಳದೇ ಇರೋ ಕಡೆ ಹಾಕಿದ್ರೆ ಧೂಳು ಹಿಡಿಯುತ್ತೆ.”

ಅವಳಿಗೆ ಬೈಯಬೇಕೆನ್ನಿಸಿತು. ಬೈಯಲು ಬಾಯಿ ತೆಗೆದವಳು ಹುಡುಗಿಯ ಕಡೆ ತಿರುಗಿ, ಹಿಡಿದುಕೊಂಡು ಕೂತರೆ ಆಯಿತಾ, ಬಲಗೈ ಬೆರಳು ಆಡಿಸು ಎಂದಳು.

ಅಲ್ಲಿಂದ ಕೆಲಸ ಶುರು. ಅದೇನು ಹೂವೆತ್ತಿದ ಹಾಗೆ ನಡೆಯಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ, ಎಡಗೈ ಹಾಡಿನ ಜೊತೆ ಓಡಿದರೆ ಬಲಗೈ ಮುದುಡಿಕೊಳ್ಳುತ್ತಿತ್ತು. ಮೊದಲು ಅಲುಗಿದ್ದು ತೋರುಬೆರಳು, ಹನ್ನೊಂದನೆಯ ದಿನ, ಅದೂ ಒಂದು ನೊಣ ಕೂತೆದ್ದಷ್ಟು. ಎಣ್ಣೆ ಮಾವ ತನ್ನ ಹತ್ತಿರವಿದ್ದ ಹಳೆಯ ಮೆಷಿನ್ನೊಂದನ್ನು ಹೊತ್ತು ತಂದು ಹಿಂದಿನ ಕೋಣೆಯ ಮೇಜಿನ ಮೇಲಿಟ್ಟು, ಬಲಗಡೆಯ ಕೀಲಿಗಳ ಸ್ಪ್ರಿಂಗನ್ನೆಲ್ಲ ಸಡಿಲ ಮಾಡಿದ. ಇದು ಕಳ್ಳದಾರಿ, ಪರೀಕ್ಷೆಯಲ್ಲಿ ಹೀಗೆ ಮಾಡಿದರೆ ಹೊರಗೆ ಹಾಕುತ್ತಾರೆ ಎಂದು ಅವಳು ಗೊಣಗಿದಳು. ಪರೀಕ್ಷಕಿಗೇ ಕೈ ಬಿದ್ದಿದೆ, ಹೆದರಬೇಡ ಎಂದ ಅವನು. ಬೆಳಗಿನ ಬ್ಯಾಚಿನ ಜೊತೆ ಅವಳೂ ಹಿಂದಿನ ಕೋಣೆಯಲ್ಲಿ ಕೂತು, ಎಡ ನಾಲ್ಕು, ಬಲ ನಾಲ್ಕು, ಹೆಬ್ಬೆರಳು. ಗೋಡೆಯಾಚೆ ಇಪ್ಪತ್ತು, ಗೋಡೆಯೀಚೆ ಒಂದು. ಒಂದು ದಿನ ತಡೆಯಲಾರದೆ, ಹದಿನಾರನೆಯ ಮೆಷಿನ್ನು, ಕಣ್ಣು ಕಾಗದದ ಮೇಲಿರಲಿ ಎಂದು ಕೂಗಿದಳು. ಆಚೆ ಕೋಣೆ ಒಂದು ಕ್ಷಣ ಸ್ತಬ್ಧವಾಗಿ, ಆಮೇಲೆ ಮೊದಲಿಗಿಂತ ಜೋರಾಗಿ ಹೊಡೆಯತೊಡಗಿತು.

ಮೂರು ತಿಂಗಳು ತುಂಬುವ ಹೊತ್ತಿಗೆ ಅವಳು ತಮ್ಮನಿಗೊಂದು ಕಾಗದ ಹಾಕಲು ಕೂತಳು. ವಿಳಾಸ ಹುಡುಗಿ ಹುಡುಕಿಕೊಟ್ಟಳು, ಕ್ಯಾಸೆಟ್ ಕಂಪನಿಯ ಮೂಲಕ ತಲುಪುತ್ತದೆ ಎಂದು. ಕೈಬರಹ ಎಡಗೈಯಲ್ಲಿ ಆಗುತ್ತಿತ್ತು, ಎಡಗೈಯೊಂದರಲ್ಲೇ ಟೈಪು ಮಾಡಿಯೂ ಕಳಿಸಬಹುದಿತ್ತು. ಅವಳು ಒಪ್ಪಲಿಲ್ಲ. ಬಲಗಡೆಯ ಕೀಲಿಯನ್ನು ಬಲಗೈಯೇ ಒತ್ತಬೇಕು. ಒಂದು ಪುಟಕ್ಕೆ ಒಂಬತ್ತು ದಿನ ಹಿಡಿಯಿತು. ಹದಿನಾಲ್ಕು ಹಾಳೆ ಹರಿದಳು. ತನ್ನ ಕಾಯಿಲೆಯ ಸುದ್ದಿಯನ್ನು ಒಂದಕ್ಷರವೂ ಬರೆಯಲಿಲ್ಲ. ಬರೆದದ್ದು ಇಷ್ಟು: ನಿನ್ನ ಹಾಡು ಪೂರ್ತಿ ಕೇಳಿದೆ. ತಡವಾಯಿತು. ಆವತ್ತು ನಾನು ಹೇಳಿದ ಪಾಠ ತಪ್ಪು, ನೀನು ಹಾಡಿದ್ದು ಸರಿ. ಆದರೆ ಕೊನೆಯ ಸಾಲಿನಲ್ಲಿ ಬೆಲ್ಲಾದ ಮೇಲೆ “ನಾನಿನ್ನೂ ಇಲ್ಲೇ ಇರುವೆ” ಎಂದು ಹಾಡಿದ್ದೀಯ, ಅದು ಎಂಟಕ್ಷರ. ಇಷ್ಟು ವರ್ಷವಾದರೂ ನಿನಗೆ ಅಂಚು ಕಾಣುವುದಿಲ್ಲ.

ಕಾಗದ ಹೋಗಿ ಹದಿನೈದು ದಿನ ಏನೂ ಇಲ್ಲ. ಮೇಡಂ ಬಾಯಿ ಬಿಟ್ಟು ಕೇಳಲಿಲ್ಲ, ಆದರೆ ಅಂಚೆಯವನು ಕೆಳಗಿನ ಔಷಧಿ ಅಂಗಡಿಗೆ ಬಂದ ಸದ್ದಾದರೆ ಬೆರಳು ನಿಲ್ಲುತ್ತಿತ್ತು. ಹದಿನಾರನೆಯ ದಿನ ಮಧ್ಯಾಹ್ನ ಫೋನು ಬಂತು. ಎಣ್ಣೆ ಮಾವ ಎತ್ತಿ ಅವಳ ಕಿವಿಗೆ ಹಿಡಿದ. ಆ ಕಡೆಯವನು ಹೇಗಿದ್ದೀಯ ಎನ್ನಲಿಲ್ಲ, ನಾನು ಇಂಥವನು ಎನ್ನಲಿಲ್ಲ.

“ಅಕ್ಕಾ, ನಿನ್ನ ಬಲಗೈಗೆ ಏನಾಯ್ತು?”

ಯಾರು ಹೇಳಿದರು ನಿನಗೆ ಎಂದಳು.

“ನೀನೇ ಹೇಳಿದೀಯ. ಎಡಗಡೆ ಕೀಲಿ ಅಕ್ಷರ ಎಲ್ಲ ಕಪ್ಪಗೆ ಕೂತಿದಾವೆ, ಬಲಗಡೆಯವು ಎಲ್ಲಾ ಮಸುಕು. ಕಿರುಬೆರಳಿನವು ಕಾಣಿಸೋದೇ ಇಲ್ಲ, ಬೆಳಕಿಗೆ ಹಿಡಿದು ಓದಿದೆ. ನಿನ್ನ ಕೈಲಿ ಕಲಿತವನು ನಾನು, ಅಷ್ಟೂ ಗೊತ್ತಾಗಲ್ವಾ?”

ಇಡೀ ನಾಡು ಅವನ ಹಾಡಿಗೆ ಅರ್ಥ ಹುಡುಕುತ್ತಿತ್ತು. ಅವನು ಅವಳ ಹಾಳೆಯಲ್ಲಿ ಬರೆಯದೇ ಬಿಟ್ಟದ್ದನ್ನು ಇಂಕಿನ ದಪ್ಪ ನೋಡಿ ಓದಿದ್ದ. ಮೇಡಂ ಫೋನು ಹಿಡಿದ ಗಂಡನ ತೋಳಿಗೆ ಹಣೆ ಒತ್ತಿದಳು. ಆಮೇಲೆ ಎಲ್ಲ ಹೇಳಿದಳು, ಪೆನ್ನು ಜಾರಿದ್ದರಿಂದ ಹಿಡಿದು. ಅವನೂ ಹೇಳಿದ. ಪ್ಯಾಂಟಿನ ಸೊಂಟ ದೊಡ್ಡದಾಗಿದೆ, ತಲೆಗೂದಲು ಹೋಗಿದೆ, ಡ್ರಮ್ಮು ಬಾರಿಸಿದರೆ ಮೊಣಕೈ ನೋಯುತ್ತದೆ. ಎಂಟಕ್ಷರದ ವಿಷಯ ಕೇಳಿದ್ದಕ್ಕೆ, ಗೊತ್ತು ಅಕ್ಕ, ಇಪ್ಪತ್ತಮೂರು ವರ್ಷದಲ್ಲಿ ಅದನ್ನು ಎಣಿಸಿದವಳು ನೀನೊಬ್ಬಳೇ, ಯಾರಾದರೂ ಬೈಯಲಿ ಅಂತಲೇ ಬಿಟ್ಟಿದ್ದೆ ಎಂದ. ಮುಂದಿನ ತಿಂಗಳು ಬರುತ್ತೇನೆ, ಅಲ್ಲಿಯವರೆಗೆ ವಾರಕ್ಕೊಂದು ಪುಟ ಹೊಡೆದು ಕಳಿಸು ಎಂದ.

“ಯಾಕೆ, ನನ್ನ ಪೇಪರು ನೀನು ತಿದ್ದೋಕಾ?”

“ಮತ್ತೆ? ಅಂಚು ಮಾತ್ರ ನೋಡ್ಕೊ. ನಾನು ಬಹಳ ಕಟ್ಟುನಿಟ್ಟು.”

ತಮಾಷೆ ಎಂದುಕೊಂಡಿದ್ದಳು, ಅಲ್ಲ. ಮೊದಲ ಪುಟ ಹೋದ ಆರು ದಿನಕ್ಕೆ ಹಾಗೇ ಹಿಂದಕ್ಕೆ ಬಂತು. ಮಸುಕಾದ ಒಂದೊಂದು ಅಕ್ಷರಕ್ಕೂ ಕೆಂಪು ಪೆನ್ಸಿಲಿನಲ್ಲಿ ಸುತ್ತು, ಅವಳು ಶಿಷ್ಯರಿಗೆ ಹಾಕುತ್ತಿದ್ದ ಹಾಗೇ, ಬಾಲ ಬಿಟ್ಟ ಸುತ್ತು. ಎಣಿಸಿದರೆ ನೂರಾ ಹನ್ನೆರಡು. ಎರಡನೆಯ ಪುಟಕ್ಕೆ ಎಂಬತ್ತೊಂಬತ್ತು. ಮೇಡಮ್ಮಿಗೆ ಕೋಪ ಬಂತು, ಕೋಪ ಬಂದರೆ ಅವಳ ಬೆರಳಿಗೆ ಬಲ ಬರುತ್ತದೆ ಎಂದು ಫಿಸಿಯೋ ಹುಡುಗಿ ಕಂಡುಹಿಡಿದಳು. ಮೂರನೆಯದಕ್ಕೆ ನಲವತ್ತು. ಅಷ್ಟರಲ್ಲಿ ನಾಲ್ಕು ತಿಂಗಳು ದಾಟಿತ್ತು, ಡಾಕ್ಟರ ಬಳಿ ಹೋದಳು. ಡಾಕ್ಟರು ತಮ್ಮ ಎರಡು ಬೆರಳು ಕೊಟ್ಟು ಹಿಡಿದು ಅಮುಕಿ ಎಂದರು. ಅಮುಕಿದಳು. ಅವರು ಬೆರಳು ಉಜ್ಜಿಕೊಳ್ಳುತ್ತ, ಅರ್ಧಕ್ಕಿಂತ ಜಾಸ್ತಿ ಬಂದಿದೆ, ನಿಲ್ಲಿಸಬೇಡಿ, ಇನ್ನೂ ಬರುತ್ತದೆ ಎಂದರು. ಪೂರ್ತಿ ಬರುತ್ತದಾ ಎಂದು ಎಣ್ಣೆ ಮಾವ ಕೇಳಿದ. ಪೂರ್ತಿ ಅಂತ ನಾನು ಹೇಳಲ್ಲ ಎಂದರು ಡಾಕ್ಟರು.

ಮನೆಗೆ ಬಂದಾಗ ಮೆಟ್ಟಿಲ ಮೇಲೆ ನಾಲ್ಕನೆಯ ಪುಟ ಬಿದ್ದಿತ್ತು. ಹದಿನೆಂಟು ಸುತ್ತು, ಎಲ್ಲವೂ ಕಿರುಬೆರಳಿನವು. ಕೆಳಗೆ ಕೆಂಪಿನಲ್ಲಿ ಬರೆದಿತ್ತು: ಕಿರುಬೆರಳು ಸೋಮಾರಿ. ಮತ್ತೆ ಹೊಡೆ.

“ಸೋಮಾರಿಯಂತೆ,” ಎಂದಳು ಮೇಡಂ. “ಪರೀಕ್ಷೆ ಹಾಲಲ್ಲಿ ಬೆಲ್ಲು ಕೇಳ್ತಾ ಕೂತವನು ಹೇಳ್ತಾನೆ.”

ಚಪ್ಪಲಿ ಬಿಟ್ಟವಳು ನೀರೂ ಕುಡಿಯದೆ ಹೋಗಿ ಮೆಷಿನ್ನಿನ ಮುಂದೆ ಕೂತಳು. ಎಣ್ಣೆ ಮಾವ ಹೊಸ ಹಾಳೆ ಸಿಕ್ಕಿಸಿ ಕೊಡಲೆಂದು ಬಂದ. ಅವಳು ಮೊಣಕೈಯಿಂದ ಅವನನ್ನು ಆಚೆ ಸರಿಸಿ, ಎಡಗೈಯಲ್ಲಿ ಹಾಳೆಯನ್ನು ರೋಲಿನ ಹಿಂದಕ್ಕೆ ಇಳಿಬಿಟ್ಟು, ಬಲಗಡೆಯ ಗುಂಡಿಯನ್ನು ಬಲಗೈಯಲ್ಲೇ ಹಿಡಿದು, ಹಲ್ಲು ಕಚ್ಚಿ, ತಿರುಗಿಸಿದಳು. ಹಾಳೆ ಸ್ವಲ್ಪ ಸೊಟ್ಟಗೆ ಮೇಲೆ ಬಂತು. ಬೈದುಕೊಳ್ಳುತ್ತ ಹಿಂದಕ್ಕೆ ತಿರುಗಿಸಿ, ಅಂಚು ನೋಡಿಕೊಂಡು, ಮತ್ತೆ ತಿರುಗಿಸಿದಳು.